ಎರಡು ಹಸುವಿನ ಮನೆ, ಎರಡು ಸಾವಿರ ಹಸುವಿನ ಕೊಟ್ಟಿಗೆ

(ಶುಗರ್ ಲ್ಯಾಂಡ್‌ನಲ್ಲಿ ಸೇರಿದ್ದ ಟೆಕ್ಸಸ್ ಕನ್ನಡಿಗರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ. ಅಂದು ಹೊತ್ತು ಸಾಲದೆ ಬಿಟ್ಟಿದ್ದ ಕೆಲವು ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಸಂಘಟಕರು ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. ಊಟದ ವಾಸನೆ ಬರುತ್ತಿದೆ, ಹಾಗಾಗಿ ಇಪ್ಪತ್ತನ್ನು ಇಪ್ಪತ್ತರಲ್ಲೇ ಮುಗಿಸುತ್ತೇನೆ.

ನಾವು ಕೂತಿರುವ ಊರಿನ ಹೆಸರು ಸಕ್ಕರೆ ನಾಡು. ನಮ್ಮ ಕಡೆ ಆ ಹೆಸರು ಮಂಡ್ಯಕ್ಕಿದೆ. ಇಲ್ಲಿಯ ಇಂಪೀರಿಯಲ್ ಸಕ್ಕರೆ ಕಾರ್ಖಾನೆ 2003ರಲ್ಲಿ ಬಾಗಿಲು ಹಾಕಿತು. ಹೆಸರು ಉಳಿಯಿತು, ಸಕ್ಕರೆ ಹೋಯಿತು. ಮಂಡ್ಯದ ಮೈಷುಗರ್ ಕಥೆಯೂ ಬಹಳ ದೂರದ್ದಲ್ಲ. ವರ್ಷಗಟ್ಟಲೆ ನಿಂತು, ಮತ್ತೆ ಶುರುವಾಗಿ, ಏದುಸಿರು ಬಿಡುತ್ತಾ ನಡೆಯುವ ಕಾರ್ಖಾನೆ ಅದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಒಲೆ ಉರಿಯುವುದು ನಿಂತಿಲ್ಲ. ಯಾಕೆ ಅಂದರೆ ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ, ಅದೂ ಬಂದರೆ ಬಂತು. ಹಾಲಿನ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಬಟವಾಡೆ ಆಗುತ್ತದೆ. ಮಕ್ಕಳ ಸ್ಕೂಲ್ ಫೀಸು, ಅಂಗಡಿ ಸಾಲ, ಔಷಧಿ, ಎಲ್ಲ ಅದರಲ್ಲೇ. ಸಕ್ಕರೆ ನಾಡನ್ನು ಸದ್ದಿಲ್ಲದೆ ಹೊತ್ತಿರುವುದು ಹಾಲು. ಹಾಗಾಗಿ ಇಲ್ಲಿ ನಿಂತು ಹಾಲಿನ ಬಗ್ಗೆ ಮಾತಾಡುವುದು ಅಸಂಗತವೇನಲ್ಲ.

2023ರ ಏಪ್ರಿಲ್‌ನಲ್ಲಿ ನಮ್ಮೆಲ್ಲರ ಇನ್‌ಬಾಕ್ಸ್ ತುಂಬಿಹೋಗಿದ್ದು ನಿಮಗೆ ನೆನಪಿರಬೇಕು. ಅಮುಲ್ ಬೆಂಗಳೂರಿಗೆ ಹಾಲು ಮೊಸರು ತರುತ್ತೇನೆ ಅಂತ ಟ್ವೀಟ್ ಮಾಡಿತು, ನಾಡಿಗೆ ನಾಡೇ ಎದ್ದು ಕೂತಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿ ಹಾಲನ್ನೇ ಬಳಸಿ ಅಂತ ಕರೆ ಕೊಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ, ಅದೇ ಮಾರ್ಚ್‌ನಲ್ಲಿ, ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಅಂತ ಬರೆಯಬೇಕು, ‘ಮೊಸರು’ ಅನ್ನುವುದು ಆವರಣದೊಳಗೆ ಇರಲಿ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತ್ತು. ಕನ್ನಡಿಗರೂ ತಮಿಳರೂ ಗದ್ದಲ ಎಬ್ಬಿಸಿದ ಮೇಲೆ ಮಾರ್ಚ್ 30ರಂದು ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ನಾವೂ ಇಲ್ಲಿಂದ ಮಿಂಚೆ ಬರೆದೆವು, ಸಹಿ ಹಾಕಿದೆವು. ಅದು ಸರಿಯಾಗಿಯೇ ಇತ್ತು. ಮೊಸರಿಗೆ ಮೊಸರು ಅನ್ನಲು ದೆಹಲಿಯ ಅಪ್ಪಣೆ ಬೇಕಿಲ್ಲ.

ಆದರೆ ಆಗ ನಾವು ನೋಡಿದ್ದು ಪೊಟ್ಟಣವನ್ನು. ಪೊಟ್ಟಣದ ಹಿಂದಿರುವ ಕೊಟ್ಟಿಗೆಯನ್ನು ನಾವ್ಯಾರೂ ನೋಡಲಿಲ್ಲ. ಇವತ್ತು ಕೊಟ್ಟಿಗೆ ನೋಡೋಣ. ಮೊದಲು ನಾವಿರುವ ಟೆಕ್ಸಸ್‌ನದು, ಆಮೇಲೆ ನಮ್ಮೂರಿನದು.

1944ರಲ್ಲಿ ಅಮೆರಿಕದಲ್ಲಿ 2 ಕೋಟಿ 56 ಲಕ್ಷ ಹಾಲು ಕರೆಯುವ ಹಸುಗಳಿದ್ದವು. ಅವು ವರ್ಷಕ್ಕೆ ಕೊಟ್ಟ ಹಾಲು ಸುಮಾರು 5,300 ಕೋಟಿ ಕೆ.ಜಿ. ಈಗ ಹಸುಗಳ ಸಂಖ್ಯೆ ಒಂದು ಕೋಟಿಗಿಂತ ಕಡಿಮೆ, 94 ಲಕ್ಷದ ಆಸುಪಾಸು. ಹಾಲು? 10,000 ಕೋಟಿ ಕೆ.ಜಿ. ದಾಟಿದೆ. ಹಸು ಮೂರನೇ ಒಂದು ಭಾಗಕ್ಕೆ ಸ್ವಲ್ಪ ಮೇಲೆ ನಿಂತಿದೆ, ಹಾಲು ಹೆಚ್ಚುಕಡಿಮೆ ಎರಡು ಪಟ್ಟಾಗಿದೆ. ಅಂದರೆ ಒಂದೊಂದು ಹಸು ತನ್ನ ಮುತ್ತಜ್ಜಿಯ ಐದರಷ್ಟು ಹಾಲು ಕೊಡುತ್ತಿದೆ. ಆಯ್ದ ಹೋರಿಗಳ ವೀರ್ಯ, ಕೃತಕ ಗರ್ಭಧಾರಣೆ, ಲೆಕ್ಕ ಹಾಕಿ ಕೊಡುವ ಮೇವು, ಜೋಳದ ಸೈಲೇಜ್, ಬಿಸಿಲಲ್ಲಿ ಹಸುವಿಗೆ ಫ್ಯಾನು ಮತ್ತು ತುಂತುರು ನೀರು, ಪ್ರತಿ ಹಸುವಿನ ಕಿವಿಗೊಂದು ನಂಬರು, ಆ ನಂಬರಿಗೊಂದು ಕಂಪ್ಯೂಟರ್ ಕಡತ. ನಮ್ಮಲ್ಲಿ ಅರ್ಧ ಜನ ಡೇಟಾಬೇಸ್ ಕೆಲಸ ಮಾಡುವವರು, ಇದು ನಮಗೆ ಸುಲಭವಾಗಿ ಅರ್ಥವಾಗುತ್ತದೆ.

ಹಸು ಕಡಿಮೆಯಾದದ್ದು ಒಂದು ಕಥೆ. ಹಸು ಸಾಕುವವರು ಕಡಿಮೆಯಾದದ್ದು ಇನ್ನೊಂದು ಕಥೆ, ನನ್ನನ್ನು ಕಾಡುವುದು ಅದು. 1992ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಹಾಲಿನ ಫಾರಂಗಳು 1 ಲಕ್ಷ 31 ಸಾವಿರ ಇದ್ದವು. 2023ರ ಹೊತ್ತಿಗೆ 26 ಸಾವಿರ ಚಿಲ್ಲರೆ. ಐದರಲ್ಲಿ ನಾಲ್ಕು ಮನೆ ಹಸು ಮಾರಿ ಬೇರೆ ದಾರಿ ಹಿಡಿದವು. 1997ರಲ್ಲಿ ಸಾವಿರಕ್ಕಿಂತ ಹೆಚ್ಚು ಹಸು ಇರುವ ಫಾರಂಗಳಲ್ಲಿದ್ದದ್ದು ದೇಶದ ಒಟ್ಟು ಹಸುಗಳ ನೂರಕ್ಕೆ 17ರಷ್ಟು. ಈಗ ಮೂರರಲ್ಲಿ ಎರಡು ಪಾಲು ಹಸುಗಳು ಅಂಥ ಕಡೆಯೇ ಇವೆ.

ಟೆಕ್ಸಸ್ ಇದರಲ್ಲಿ ಮುಂಚೂಣಿಯಲ್ಲಿದೆ. ಡಲ್ಲಾಸ್‌ನವರಿಗೆ ಸ್ಟೀಫನ್‌ವಿಲ್ ಗೊತ್ತಿರುತ್ತದೆ, ಫೋರ್ಟ್ ವರ್ತ್ ದಾಟಿ ನೈಋತ್ಯಕ್ಕೆ ಹೋದರೆ ಇರಾತ್ ಕೌಂಟಿಯ ಊರು. ಅಲ್ಲಿಯ ಚೌಕದಲ್ಲಿ ಒಂದು ದೊಡ್ಡ ಹೋಲ್‌ಸ್ಟೀನ್ ಹಸುವಿನ ಪ್ರತಿಮೆ ಇದೆ, ಹೆಸರು ಮೂ-ಲಾ. ದುಡ್ಡಿಗೆ ಇಂಗ್ಲಿಷಿನವರು ಹಗುರವಾಗಿ ಅನ್ನುವ ಮಾತನ್ನೇ ಹಸುವಿಗೆ ಇಟ್ಟಿದ್ದಾರೆ. ನಮ್ಮವರು ಲಕ್ಷ್ಮಿ ಅಂತ ಹೆಸರಿಡುವುದೂ ಅದೇ ಅರ್ಥಕ್ಕೆ ತಾನೆ. ಆ ಸೀಮೆ ಒಂದು ಕಾಲಕ್ಕೆ ಟೆಕ್ಸಸ್‌ನ ಹಾಲಿನ ರಾಜಧಾನಿ. ಆಮೇಲೆ ಸಗಣಿ ನೀರು ಬಾಸ್ಕ್ ನದಿಗೆ ಸೇರಿ ವೇಕೊ ಊರಿನ ಕೆರೆ ಕೆಡುತ್ತಿದೆ ಅಂತ 2004ರಲ್ಲಿ ವೇಕೊ ನಗರವೇ ಡೈರಿಗಳ ಮೇಲೆ ದಾವೆ ಹಾಕಿತು. ಹೊಸ ಡೈರಿಗಳು ಉತ್ತರದ ಪ್ಯಾನ್‌ಹ್ಯಾಂಡಲ್ ಕಡೆಗೆ ಹೋದವು. ಅಲ್ಲಿ ಬಯಲು, ಒಣ ಹವೆ, ಜೋಳ, ನೆಲದಡಿಯ ಒಗಲಾಲ ಜಲ. 2007ರಲ್ಲಿ ಡಲ್‌ಹಾರ್ಟ್‌ನಲ್ಲಿ ದೊಡ್ಡ ಚೀಸ್ ಕಾರ್ಖಾನೆ ಬಂತು. ಆ ನೆಲದಡಿಯ ನೀರು ವರ್ಷವರ್ಷ ಇಳಿಯುತ್ತಿದೆ, ಅದನ್ನು ಇನ್ನೊಂದು ದಿನ ಮಾತಾಡೋಣ.

ಈಗ ಟೆಕ್ಸಸ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಹಾಲು ಹಸುಗಳಿವೆ. ಇಪ್ಪತ್ತು ವರ್ಷದ ಹಿಂದೆ ಇದರ ಅರ್ಧದಷ್ಟಿದ್ದವು. ಅಂದರೆ ದೇಶದಲ್ಲಿ ಹಸು ಹೆಚ್ಚುಕಡಿಮೆ ಅಲ್ಲೇ ನಿಂತಿರುವಾಗ ಇಲ್ಲಿ ಎರಡರಷ್ಟಾಗಿವೆ. ಆದರೆ ಫಾರಂಗಳು ಮಾತ್ರ ಮುನ್ನೂರು ಚಿಲ್ಲರೆಗೆ ಇಳಿದಿವೆ. ಭಾಗಿಸಿ ನೋಡಿ, ಒಂದು ಫಾರಂಗೆ ಎರಡು ಸಾವಿರದ ಆಸುಪಾಸು ಹಸು ಬರುತ್ತದೆ. ವರ್ಷದ ಹಾಲು 1,650 ಕೋಟಿ ಪೌಂಡಿಗೂ ಹೆಚ್ಚು, ದಿನಕ್ಕೆ ಎರಡು ಕೋಟಿ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು.

ಈ ಎರಡು ಕೋಟಿಯನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಇಷ್ಟು ದೊಡ್ಡದಾದರೆ ಆಪತ್ತೂ ದೊಡ್ಡದೇ ಆಗುತ್ತದೆ. 2023ರ ಏಪ್ರಿಲ್ 10ರಂದು ಪ್ಯಾನ್‌ಹ್ಯಾಂಡಲ್‌ನ ಡಿಮಿಟ್ ಬಳಿಯ ಒಂದು ಡೈರಿಯಲ್ಲಿ ಸ್ಫೋಟವಾಗಿ ಬೆಂಕಿ ಬಿತ್ತು. ಒಂದೇ ಸಂಜೆ ಸುಮಾರು 18 ಸಾವಿರ ಹಸುಗಳು ಸತ್ತವು. ಒಂದು ತಾಲ್ಲೂಕಿನ ಸೀಮೆಹಸುಗಳೆಲ್ಲ ಒಂದೇ ಸಂಜೆ ಸತ್ತಂತೆ. ಮರುವರ್ಷ, 2024ರ ಮಾರ್ಚ್‌ನಲ್ಲಿ, ಹಕ್ಕಿಜ್ವರದ ವೈರಸ್ ಹಾಲು ಹಸುಗಳಿಗೆ ತಗುಲಿದ್ದು ಮೊದಲ ಬಾರಿ ಖಚಿತವಾದದ್ದೂ ಈ ಟೆಕ್ಸಸ್ ಮತ್ತು ಪಕ್ಕದ ಕಾನ್ಸಸ್‌ನಲ್ಲೇ. ಹಸುಗಳನ್ನು ಲಾರಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವ ವ್ಯಾಪಾರ ಇರುವುದರಿಂದ ಅದು ಬೇಗನೆ ಹತ್ತಾರು ರಾಜ್ಯಗಳಿಗೆ ಹೋಯಿತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಅಮೆರಿಕದಲ್ಲಿ ಸಹಕಾರಿ ಸಂಘಗಳು ಇರಲಿಲ್ಲವೇ? ಇದ್ದವು, ಈಗಲೂ ಇವೆ. ದೇಶದ ಬಹುಪಾಲು ಹಾಲು ಸಹಕಾರಿಗಳ ಮೂಲಕವೇ ಹೋಗುತ್ತದೆ. 1998ರಲ್ಲಿ ನಾಲ್ಕು ಸಹಕಾರಿಗಳು ಕೂಡಿ ಹುಟ್ಟಿದ ಡೈರಿ ಫಾರ್ಮರ್ಸ್ ಆಫ್ ಅಮೆರಿಕ ಅಂತ ಒಂದು ದೈತ್ಯ ಸಂಸ್ಥೆಯೇ ಇದೆ. ಆದರೂ ಸಣ್ಣವರು ಉಳಿಯಲಿಲ್ಲ. ‘ನಮ್ಮದು ಸಹಕಾರಿ, ನಮಗೇನೂ ಆಗಲ್ಲ’ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಡಲ್ಲಾಸ್‌ನದೇ ಉದಾಹರಣೆ ಕೊಡುತ್ತೇನೆ. ಅಮೆರಿಕದ ಅತಿ ದೊಡ್ಡ ಹಾಲು ಪ್ಯಾಕ್ ಮಾಡುವ ಕಂಪನಿಯಾಗಿದ್ದ ಡೀನ್ ಫುಡ್ಸ್‌ನ ಮುಖ್ಯ ಕಚೇರಿ ಡಲ್ಲಾಸ್‌ನಲ್ಲಿತ್ತು. 2018ರಲ್ಲಿ ವಾಲ್‌ಮಾರ್ಟ್ ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ ತನ್ನದೇ ಹಾಲಿನ ಕಾರ್ಖಾನೆ ತೆರೆಯಿತು, ಡೀನ್‌ನಿಂದ ಕೊಳ್ಳುವುದನ್ನು ಕಡಿಮೆ ಮಾಡಿತು. ಡೀನ್ ಎಂಟು ರಾಜ್ಯಗಳ ನೂರಕ್ಕೂ ಹೆಚ್ಚು ಫಾರಂಗಳಿಗೆ ಒಂದು ಪತ್ರ ಕಳಿಸಿತು: ತೊಂಬತ್ತು ದಿನದ ಮೇಲೆ ನಿಮ್ಮ ಹಾಲು ನಮಗೆ ಬೇಡ. ತಾತನ ಕಾಲದಿಂದ ಹಾಲು ಹಾಕುತ್ತಿದ್ದವರು ಮೂರು ತಿಂಗಳಲ್ಲಿ ಬೇರೆ ಗಿರಾಕಿ ಹುಡುಕಬೇಕು. ಹಸುವಿಗೆ ಕೆಚ್ಚಲು ಖಾಲಿ ಮಾಡದೆ ಒಂದು ದಿನವೂ ಇರಲಾಗದು. ಎಷ್ಟೋ ಜನ ಹಸು ಮಾರಿಬಿಟ್ಟರು. ಮರುವರ್ಷ, 2019ರ ನವೆಂಬರ್‌ನಲ್ಲಿ, ಡೀನ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಹಾಕಿದ್ದು ಎಲ್ಲಿ ಗೊತ್ತೇ? ಇಲ್ಲೇ, ಹ್ಯೂಸ್ಟನ್‌ನ ಕೋರ್ಟಿನಲ್ಲಿ. 2020ರಲ್ಲಿ ಅದರ 44 ಕಾರ್ಖಾನೆಗಳನ್ನು ನಾನು ಆಗ ಹೇಳಿದ ದೈತ್ಯ ಸಹಕಾರಿಯೇ ಕೊಂಡುಕೊಂಡಿತು.

ಸಣ್ಣ ರೈತ ಇಲ್ಲಿ ಸೋತದ್ದು ಸೋಮಾರಿಯಾಗಿ ಅಲ್ಲ. ಟ್ಯಾಂಕರ್ ಲಾರಿ ಒಂದು ಫಾರಂಗೆ ಬಂದರೆ ತುಂಬಿಕೊಂಡು ಹೋಗಬೇಕು. ಐವತ್ತು ಹಸುವಿನ ಮನೆಗೆ ಬಂದರೆ ಅದು ತುಂಬುವುದಿಲ್ಲ, ಸಾಗಣೆ ಖರ್ಚು ರೈತನ ತಲೆಗೆ ಬೀಳುತ್ತದೆ. ಹಾಲಿನ ಬೆಲೆ ಚೀಸು ಬೆಣ್ಣೆಯ ಪೇಟೆಯ ಜೊತೆ ತಿಂಗಳು ತಿಂಗಳು ಏರಿಳಿಯುತ್ತದೆ. 2009ರಲ್ಲಿ ಬಿದ್ದ ಹಾಗೆ ಬಿದ್ದರೆ ದೊಡ್ಡವರು ಬ್ಯಾಂಕಿನ ಬಲದಲ್ಲಿ ಒಂದು ವರ್ಷ ತಡೆಯುತ್ತಾರೆ, ಸಣ್ಣವರು ಆರು ತಿಂಗಳು. ಪ್ರತಿ ಕುಸಿತದಲ್ಲೂ ಒಂದಿಷ್ಟು ಮನೆ ಕಳಚಿಕೊಳ್ಳುತ್ತವೆ. ಸಣ್ಣವರ ಹಸುಗಳನ್ನು ಕೊಳ್ಳುವುದೂ ದೊಡ್ಡವರೇ.

ಈಗ ಊರಿಗೆ ಹೋಗೋಣ.

ಕರ್ನಾಟಕದಲ್ಲೂ ದನ ಕಡಿಮೆಯಾಗುತ್ತಿವೆ, ಹಾಲು ಹೆಚ್ಚುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ರಾಜ್ಯದಲ್ಲಿ 95 ಲಕ್ಷ ದನಗಳಿದ್ದವು, 2019ರ ಗಣತಿಯಲ್ಲಿ 85 ಲಕ್ಷಕ್ಕೆ ಬಂದವು. ಎಮ್ಮೆಗಳು 35 ಲಕ್ಷದ ಹತ್ತಿರ ಇದ್ದವು 30 ಲಕ್ಷಕ್ಕಿಳಿದವು. ಇದನ್ನು ನೋಡಿ ಕೆಲವರು ‘ಅಯ್ಯೋ ಗೋಸಂಪತ್ತು ಹೋಯಿತು’ ಅಂತ ಮಿಂಚೆ ಕಳಿಸುತ್ತಾರೆ. ಸ್ವಲ್ಪ ನಿಲ್ಲಿ. ಹೋಗಿದ್ದರಲ್ಲಿ ಬಹುಪಾಲು ಎತ್ತು ಮತ್ತು ನಾಟಿ ದನ. ನಮ್ಮ ಹಳ್ಳಿಕಾರ್, ಅಮೃತಮಹಲ್ ಹೆಸರಾದದ್ದು ಹಾಲಿಗಲ್ಲ, ನೊಗಕ್ಕೆ. ಟ್ರ್ಯಾಕ್ಟರು, ಟಿಲ್ಲರು ಬಂದ ಮೇಲೆ ನೊಗ ಅಟ್ಟಕ್ಕೆ ಹೋಯಿತು. ಅದೇ ಹೊತ್ತಿನಲ್ಲಿ ಸೀಮೆಹಸು ಹೆಚ್ಚಿತು. ಇಡೀ ದೇಶದ ಲೆಕ್ಕದಲ್ಲಿ 2012ರಿಂದ 2019ಕ್ಕೆ ಮಿಶ್ರತಳಿ ಮತ್ತು ವಿದೇಶಿ ತಳಿ ಹಸುಗಳು ನೂರಕ್ಕೆ 27ರಷ್ಟು ಹೆಚ್ಚಿದವು, ನಾಟಿ 6ರಷ್ಟು ಇಳಿದವು. ಇಷ್ಟಾದರೂ ನಮ್ಮ ಮಿಶ್ರತಳಿ ಹಸು ದಿನಕ್ಕೆ ಸರಾಸರಿ ಕೊಡುವುದು ಎಂಟು ಲೀಟರಿನ ಆಸುಪಾಸು, ಟೆಕ್ಸಸ್ ಹಸುವಿನದು ಮೂವತ್ತು ದಾಟುತ್ತದೆ.

ಹಿಂದೆ ಹೇಗಿತ್ತು ಅಂತ ಎರಡು ಮಾತು. ರಾಜ್ಯದ ಮೊದಲ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಯಿತು. ಬೆಂಗಳೂರು ಡೇರಿ 1965ರಲ್ಲಿ. ಕೋಲಾರದ ಎಂ.ವಿ. ಕೃಷ್ಣಪ್ಪನವರು ಸೀಮೆಹಸುವನ್ನು ನಮ್ಮ ರೈತರಿಗೆ ಪರಿಚಯಿಸಲು ಪಟ್ಟ ಪಾಡನ್ನು ಆ ಜಿಲ್ಲೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ತಳಿ ಕೇಂದ್ರ ಬಂತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಡೇರಿ ಅಭಿವೃದ್ಧಿ ನಿಗಮವಾಯಿತು, ಅದೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ಮಾದರಿ ಗುಜರಾತಿನ ಆಣಂದ್‌ನದು, ಅಂದರೆ ಅಮುಲ್‌ನದೇ. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚ ಬೇಡ; ಅಮುಲ್ ಕೂಡ ರೈತರದ್ದೇ. 1976ರ ಸುಮಾರಿಗೆ ನಮ್ಮಲ್ಲಿದ್ದದ್ದು ನಾನೂರು ಚಿಲ್ಲರೆ ಹಳ್ಳಿ ಸಂಘ, ದಿನಕ್ಕೆ 50 ಸಾವಿರ ಕೆ.ಜಿ. ಹಾಲು. 2024ರ ಜೂನ್ ಕೊನೆಯಲ್ಲಿ ದಿನದ ಸಂಗ್ರಹ ಮೊದಲ ಸಲ ಒಂದು ಕೋಟಿ ಲೀಟರ್ ಮುಟ್ಟಿತು. ಹಳ್ಳಿ ಸಂಘಗಳು 15 ಸಾವಿರಕ್ಕೂ ಹೆಚ್ಚು. ಸದಸ್ಯರು 26 ಲಕ್ಷ. ನಿತ್ಯ ಹಾಲು ಹಾಕುವವರು ಒಂಬತ್ತು ಲಕ್ಷದ ಆಸುಪಾಸು.

ಈಗ ಆ ಎರಡು ಕೋಟಿಯನ್ನು ಹೊರಗೆ ತೆಗೆಯಿರಿ. ಟೆಕ್ಸಸ್‌ನ ಮುನ್ನೂರು ಚಿಲ್ಲರೆ ಫಾರಂಗಳು ದಿನಕ್ಕೆ ಎರಡು ಕೋಟಿ. ಕರ್ನಾಟಕದ ಒಂಬತ್ತು ಲಕ್ಷ ಮನೆಗಳು, ತಮ್ಮ ಅತಿ ಒಳ್ಳೆಯ ದಿನದಲ್ಲಿ, ಒಂದು ಕೋಟಿ. ಮನೆಗೆ ಹತ್ತು ಹನ್ನೊಂದು ಲೀಟರ್, ಎರಡು ಹೊತ್ತು ಸೇರಿ.

ನಮ್ಮಂಥ ಇಂಜಿನಿಯರುಗಳಿಗೆ ಈ ಲೆಕ್ಕ ನೋಡಿದ ಕೂಡಲೇ ಕೈ ತುರಿಸುತ್ತದೆ. ‘ಇಷ್ಟೊಂದು ಅದಕ್ಷತೆಯೇ? ನೂರೈವತ್ತು ಹೈಟೆಕ್ ಡೈರಿ ಹಾಕಿದರೆ ಮುಗಿಯಿತಲ್ಲ!’ ನಾನೂ ಈ ಮಾತನ್ನು ಎಷ್ಟೋ ಪಾರ್ಟಿಗಳಲ್ಲಿ ಕೇಳಿದ್ದೇನೆ. ನನ್ನ ಪರಿಚಯದ ಒಬ್ಬರು ಇಲ್ಲಿಯ ಕೆಲಸ ಬಿಟ್ಟು ಚನ್ನಪಟ್ಟಣದ ಹತ್ತಿರ ನೂರು ಹಸುವಿನ ಕೊಟ್ಟಿಗೆ ಕಟ್ಟಿದರು. ಹಾಲು ಕರೆಯುವ ಯಂತ್ರ, ರಬ್ಬರ್ ಹಾಸು, ಎಲ್ಲ ಇತ್ತು. ಮೇವನ್ನು ಕೊಂಡು ತರಬೇಕು, ಬೇಸಿಗೆಯಲ್ಲಿ ಅದರ ಬೆಲೆ ಆಕಾಶಕ್ಕೆ. ಕೆಲಸದವರು ಹಬ್ಬಕ್ಕೆ ಊರಿಗೆ ಹೋದರೆ ಹಸು ಕಾಯುವುದಿಲ್ಲ. ಮೂರನೇ ವರ್ಷಕ್ಕೆ ಮಾರಿದರು. ಅದೇ ಊರಿನಲ್ಲಿ ಎರಡು ಹಸುವಿನ ಮನೆಗಳು ಇಂದೂ ಹಾಲು ಹಾಕುತ್ತಿವೆ. ಹೇಗೆ? ಹುಲ್ಲು ಬದುವಿನದು, ರಾಗಿ ಹುಲ್ಲು ತಮ್ಮ ಹೊಲದ್ದು, ಸಗಣಿ ಅದೇ ಹೊಲಕ್ಕೆ ವಾಪಸ್ಸು, ದುಡಿಮೆ ಮನೆಯವರದು. ಆ ದುಡಿಮೆಗೆ ಯಾರೂ ಕೂಲಿ ಲೆಕ್ಕ ಹಾಕುವುದಿಲ್ಲ. ಬಹುಪಾಲು ಅದು ಹೆಂಗಸರ ದುಡಿಮೆ. ಇದು ಹೆಮ್ಮೆಯ ಮಾತು ಅಂತ ನಾನು ಹೇಳುತ್ತಿಲ್ಲ. ವ್ಯವಸ್ಥೆ ನಿಂತಿರುವುದು ಅದರ ಮೇಲೆ ಅಂತ ಹೇಳುತ್ತಿದ್ದೇನೆ.

ಎರಡು ಲೀಟರ್ ಹಾಲಿರುವ ಮನೆಗೂ ಪೇಟೆ ಇದೆ ಅನ್ನುವುದು ಸಣ್ಣ ಸಂಗತಿಯಲ್ಲ. ಬೆಳಗ್ಗೆ ಆರಕ್ಕೆ ಕ್ಯಾನು ಹಿಡಿದು ನಿಂತರೆ ಊರಿನ ಡೇರಿ ಸೆಕ್ರೆಟರಿ ಅಳೆದು, ಸ್ಯಾಂಪಲ್ ತೆಗೆದು, ಜಿಡ್ಡು ಎಷ್ಟು, ಜಿಡ್ಡಲ್ಲದ ಘನಾಂಶ ಎಷ್ಟು ಅಂತ ನೋಡಿ ಬರೆದುಕೊಳ್ಳುತ್ತಾನೆ. ಹಿಂದೆ ಲ್ಯಾಕ್ಟೋಮೀಟರ್ ಮುಳುಗಿಸಿ ‘ಡಿಗ್ರಿ ಬಂದಿಲ್ಲ’ ಅಂತ ಜಗಳವಾಗುತ್ತಿತ್ತು, ಈಗ ಯಂತ್ರ ಚೀಟಿ ಕೊಡುತ್ತದೆ, ಜಗಳ ಯಂತ್ರದ ಜೊತೆ. ಹಾಲು ಶೀತಲ ಘಟಕಕ್ಕೆ, ಅಲ್ಲಿಂದ ಟ್ಯಾಂಕರಿನಲ್ಲಿ ಒಕ್ಕೂಟಕ್ಕೆ. ಟೆಕ್ಸಸ್‌ನ ಟ್ಯಾಂಕರ್ ಒಬ್ಬ ರೈತನ ಮನೆ ಮುಂದೆ ತುಂಬುತ್ತದೆ, ನಮ್ಮ ಟ್ಯಾಂಕರ್ ಒಂದು ಹೋಬಳಿಯ ನೂರಾರು ಮನೆಗಳಿಂದ ತುಂಬುತ್ತದೆ. ನಮ್ಮ ದೊಡ್ಡ ಡೈರಿ ಯಾವುದು ಅಂದರೆ ಆ ಹೋಬಳಿಯೇ. ಕೊಟ್ಟಿಗೆಗಳು ಮಾತ್ರ ಬೇರೆ ಬೇರೆ. ಮತ್ತೆ, ಇದೆಲ್ಲ ನಡೆಯುವುದು ಕನ್ನಡದಲ್ಲಿ. ಪಾಸ್‌ಬುಕ್ಕು ಕನ್ನಡ, ಮಹಾಸಭೆಯ ನಡಾವಳಿ ಕನ್ನಡ, ಚುನಾವಣೆಯ ಕರಪತ್ರ ಕನ್ನಡ. ಐ.ಟಿ. ಕಂಪನಿಗಳಲ್ಲಿ ಕನ್ನಡ ಬೇಕು ಅಂತ ನಾವು ಹೋರಾಡುತ್ತೇವೆ. ಯಾರ ಹೋರಾಟವೂ ಇಲ್ಲದೆ ಸಾವಿರಾರು ಕೋಟಿಯ ಒಂದು ಉದ್ಯಮ ಬೇರು ಮಟ್ಟದಲ್ಲಿ ಪೂರ್ತಿ ಕನ್ನಡದಲ್ಲಿ ನಡೆಯುತ್ತಿದೆ. ನಮ್ಮ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ.

2022ರ ಡಿಸೆಂಬರ್ 30ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಒಕ್ಕೂಟದ ಮೆಗಾ ಡೇರಿ ಉದ್ಘಾಟನೆಯಾಯಿತು. ಅಮುಲ್ ಮತ್ತು ನಂದಿನಿ ಒಟ್ಟಾಗಿ ಕೆಲಸ ಮಾಡಬೇಕು ಅಂತ ಕೇಂದ್ರದ ಸಹಕಾರ ಸಚಿವ ಅಮಿತ್ ಶಾ ಹೇಳಿದ್ದು ಅಲ್ಲೇ. ವಿಲೀನದ ಗುಲ್ಲು ಹುಟ್ಟಿದ್ದು ಆ ಮಾತಿನಿಂದ. ಇಲ್ಲಿ ಎಲ್ಲ ಪಕ್ಷದವರೂ ಕೂತಿದ್ದೀರಿ, ನಾನು ಪಕ್ಷದ ಮಾತಾಡುವುದಿಲ್ಲ. ನಂದಿನಿಯ ಆಡಳಿತ ಕರ್ನಾಟಕದ ರೈತರ ಕೈಯಲ್ಲೇ ಇರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಮನಿಸಿ, ಅದೇ 2023ರ ಆರಂಭದಲ್ಲಿ, ನಾವು ಪೊಟ್ಟಣಕ್ಕಾಗಿ ಕೂಗುತ್ತಿದ್ದಾಗ, ಸಂಗ್ರಹವೇ ಇಳಿದು ನಂದಿನಿ ತುಪ್ಪ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಿಂದಿನ ವರ್ಷ ಚರ್ಮಗಂಟು ರೋಗ ಬಂದು ಹಸುಗಳು ಸತ್ತಿದ್ದವು, ಉಳಿದವು ಹಾಲು ಬತ್ತಿಸಿಕೊಂಡಿದ್ದವು. ಹಿಂಡಿ ಬೂಸಾ ಬೆಲೆ ಏರಿತ್ತು. ಹೊರಗಿನವರು ಬಂದು ನಂದಿನಿಯನ್ನು ನುಂಗುವ ಮೊದಲೇ ಕೊಟ್ಟಿಗೆ ಖಾಲಿಯಾದರೆ ನುಂಗಲು ಏನೂ ಇರುವುದಿಲ್ಲ.

26 ಲಕ್ಷ ಸದಸ್ಯರಲ್ಲಿ ಹಾಲು ಹಾಕುವವರು ಒಂಬತ್ತು ಲಕ್ಷ ಅಂದೆನಲ್ಲ, ನಾವು ಕಣ್ಣಿಡಬೇಕಾದ ಅಂಕಿ ಅದು. ಸಂಗ್ರಹ ಒಂದು ಕೋಟಿ ಮುಟ್ಟಿತು ಅಂತ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಆ ಕೋಟಿ ಲೀಟರ್ ಎಷ್ಟು ಮನೆಯಿಂದ ಬಂತು ಅನ್ನುವುದು ಬರುವುದಿಲ್ಲ. ಹತ್ತು ಲಕ್ಷ ಮನೆಯಿಂದ ಬಂದ ಕೋಟಿಗೂ ಐದು ಲಕ್ಷ ಮನೆಯಿಂದ ಬಂದ ಕೋಟಿಗೂ ವ್ಯತ್ಯಾಸವಿದೆ. ಅಮೆರಿಕದ ಹಾಲಿನ ಅಂಕಿ ವರ್ಷವರ್ಷ ಏರುತ್ತಲೇ ಇತ್ತು, ಫಾರಂಗಳು ಮಾಯವಾಗುತ್ತಿದ್ದ ಅಷ್ಟೂ ಕಾಲ.

ಮನೆಗಳು ಯಾಕೆ ಬಿಡುತ್ತವೆ? ಮೊದಲನೆಯದು ದುಡ್ಡು. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, ಅದು ಏರುತ್ತಾ 2016ರಲ್ಲಿ 5 ರೂಪಾಯಿ ಆಯಿತು. ಅದು ತಿಂಗಳುಗಟ್ಟಲೆ ಬಾಕಿ ಬಿದ್ದ ಉದಾಹರಣೆಗಳು ಎಲ್ಲ ಸರ್ಕಾರಗಳ ಕಾಲದಲ್ಲೂ ಇವೆ. ಹದಿನೈದು ದಿನಕ್ಕೊಮ್ಮೆ ಬರುವ ದುಡ್ಡಿನ ಮೇಲೆ ನಿಂತ ಮನೆಗೆ ಆರು ತಿಂಗಳ ಬಾಕಿ ಅಂದರೆ ಒಂದು ಹಸುವಿನ ಹಿಂಡಿ. ಮಾರಾಟದ ಬೆಲೆ 2023ರ ಆಗಸ್ಟ್‌ನಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು; ಬೆಂಗಳೂರಿನ ನಮ್ಮ ನೆಂಟರು ಗೊಣಗಿದರು. ಹೆಚ್ಚಿಸಿದ್ದು ರೈತನಿಗೇ ಅಂತ ಮಹಾಮಂಡಳಿ ಹೇಳಿತು. ಅಮೆರಿಕದಲ್ಲಿ ಅಂಗಡಿಯ ಹಾಲಿನ ಬೆಲೆಯಲ್ಲಿ ರೈತನಿಗೆ ಸುಮಾರು ಅರ್ಧ, ನಮ್ಮಲ್ಲಿ ಮುಕ್ಕಾಲು ಅಂತ ಸಹಕಾರಿಗಳು ಹೇಳಿಕೊಳ್ಳುತ್ತವೆ. ಆ ಮುಕ್ಕಾಲು ಪ್ರತಿ ಒಕ್ಕೂಟದಲ್ಲೂ ನಿಜವೇ ಅಂತ ವಾರ್ಷಿಕ ವರದಿ ಹಿಡಿದು ನೋಡುವುದು ನಮ್ಮಂಥವರ ಕೆಲಸ.

ಎರಡನೆಯದು ಮೇವು. ರಾಗಿ ಬಿತ್ತುವುದು ಕಡಿಮೆಯಾದರೆ ರಾಗಿ ಹುಲ್ಲು ಕಡಿಮೆ. ಭತ್ತವನ್ನು ಯಂತ್ರ ಕೊಯ್ದರೆ ಹುಲ್ಲು ಗದ್ದೆಯಲ್ಲೇ ಪುಡಿಪುಡಿ. ಮೆದೆ ಇಲ್ಲದ ಮನೆಯಲ್ಲಿ ಹಸು ನಿಲ್ಲುವುದಿಲ್ಲ. ಮೂರನೆಯದು ಮುದಿ ಹಸು ಮತ್ತು ಗಂಡು ಕರು. ಇಲ್ಲಿ ಪ್ರತಿ ವರ್ಷ ಮೂರರಲ್ಲೊಂದು ಹಸುವನ್ನು ಹಿಂಡಿನಿಂದ ತೆಗೆದು ಮಾಂಸಕ್ಕೆ ಕಳಿಸುತ್ತಾರೆ, ಆ ದುಡ್ಡು ಲೆಕ್ಕದಲ್ಲಿ ಒಂದು ಸಾಲು. ನಮ್ಮಲ್ಲಿ 2021ರ ಜನವರಿಯಲ್ಲಿ ಗೋಹತ್ಯೆ ತಡೆ ಕಾಯ್ದೆ ಬಿಗಿಯಾಗಿ ಜಾರಿಗೆ ಬಂತು. ಅದರ ಪರ, ವಿರೋಧ ಎರಡೂ ಈ ಕೋಣೆಯಲ್ಲೇ ಇವೆ, ಇರಲಿ. ಆದರೆ ಗೊಡ್ಡು ಹಸುವನ್ನು ಸಾಕುವ ಖರ್ಚು ಯಾರದು ಅನ್ನುವ ಪ್ರಶ್ನೆಗೆ ಕಾಯ್ದೆಯನ್ನು ಹೊಗಳುವವರೂ ಉತ್ತರ ಹೇಳಬೇಕು. ಸದ್ಯಕ್ಕೆ ಅದು ಎರಡು ಹಸುವಿನ ಮನೆಯ ತಲೆ ಮೇಲಿದೆ. ಹೆಣ್ಣು ಕರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯ ಬಳಸುವುದು ಒಂದು ದಾರಿ, ಅದು ನಮ್ಮಲ್ಲೂ ಬರುತ್ತಿದೆ, ಎಲ್ಲರ ಕೈಗೆಟುಕುವ ಬೆಲೆಗೆ ಇನ್ನೂ ಬರಬೇಕು.

ನಾಲ್ಕನೆಯದನ್ನು ಹೇಳಲೇಬೇಕು: ಮಕ್ಕಳು. ಹಾಲಿನ ದುಡ್ಡಿನಲ್ಲಿ ಓದಿದ ಮಗ ಅಥವಾ ಮಗಳು ಹಾಲು ಕರೆಯಲು ವಾಪಸ್ಸು ಬರುವುದಿಲ್ಲ. ನಮ್ಮಮ್ಮ ಎರಡು ಹಸುವಿನ ಹಾಲು ಹಾಕಿ ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದರು, ನಾನು ಇಲ್ಲಿ ಮೈಕ್ ಹಿಡಿದು ನಿಂತಿದ್ದೇನೆ. ಇದರಲ್ಲಿ ತಪ್ಪೇನೂ ಇಲ್ಲ. ಹಾಗಾಗಿ ಹಿಂಡು ಸ್ವಲ್ಪ ದೊಡ್ಡದಾಗುತ್ತದೆ, ಎರಡು ಹಸುವಿನ ಮನೆ ಐದು, ಎಂಟು ಹಸುವಿನದಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಆಗಲೇ ಆಗುತ್ತಿದೆ. ಅದನ್ನು ನಾನು ಸ್ವಾಗತಿಸುತ್ತೇನೆ. ಎಂಟು ಹಸುವಿನ ಮನೆ ಒಂದು ಮಧ್ಯಮ ವರ್ಗದ ಮನೆಯಾಗಬಲ್ಲದು. ಎಂಟಕ್ಕೂ ಎರಡು ಸಾವಿರಕ್ಕೂ ಮಧ್ಯೆ ಬಹಳ ಜಾಗವಿದೆ, ಆ ಜಾಗದಲ್ಲಿ ನಾವು ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವವರು ಹಾಲು ಹಾಕುವವರಾಗಿರಬೇಕು, ಟ್ಯಾಂಕರ್ ಲಾರಿಯ ಅಳತೆ ಆಗಿರಬಾರದು.

ಇನ್ನು ನಾವೇನು ಮಾಡಬಹುದು. 2024ರ ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಅಂಗಿಯ ಮೇಲೆ ನಂದಿನಿ ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇಂಡಿಯನ್ ಅಂಗಡಿಯಲ್ಲಿ ನಂದಿನಿ ತುಪ್ಪ ಕಂಡರೆ ಎರಡು ಡಬ್ಬ ಹೆಚ್ಚು ತರುತ್ತೇವೆ. ತನ್ನಿ. ಅದರ ಜೊತೆ ಮೂರು ಕೆಲಸ ಕೇಳುತ್ತೇನೆ.

ಊರಲ್ಲಿ ಹೈಟೆಕ್ ಡೈರಿಗೆ ದುಡ್ಡು ಹಾಕುವ ಯೋಚನೆ ಇದ್ದವರು ಅದರ ಹತ್ತನೇ ಒಂದು ಪಾಲನ್ನು ನಿಮ್ಮೂರಿನ ಸಂಘಕ್ಕೆ ಕೊಡಿ. ಮೇವು ಕತ್ತರಿಸುವ ಯಂತ್ರ, ಸೈಲೇಜ್ ಮಾಡುವ ವ್ಯವಸ್ಥೆ, ಹಾಲು ತಂಪಿಡುವ ಘಟಕದ ಜನರೇಟರು. ಬೋರ್ಡಿನ ಮೇಲೆ ನಿಮ್ಮ ಹೆಸರು ಬೇಕಿದ್ದರೆ ಬರೆಸಿಕೊಳ್ಳಿ, ಪರವಾಗಿಲ್ಲ.

ಎರಡು, ಕನ್ನಡದ ಕೆಲಸ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಕೆಚ್ಚಲು ಬಾವು, ಕರು ಸಾಕಣೆ, ಬಿಸಿಲಿನ ಬಾಧೆ, ಸೈಲೇಜ್ ಇವುಗಳ ಬಗ್ಗೆ ಸಾಮಾನ್ಯ ರೈತನಿಗೆ ತಿಳಿಯುವ ಹಾಗೆ ಬರೆದಿಡುತ್ತದೆ. ನಮ್ಮ ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ತಜ್ಞರಿದ್ದಾರೆ. ಎರಡು ಹಸುವಿನ ಮನೆಗೆ ಹೊಂದುವ ಹಾಗೆ ಅವರು ತಿದ್ದಿಕೊಡಲಿ, ಕನ್ನಡಕ್ಕೆ ತರುವ ಕೆಲಸ ನಾವು ಮಾಡೋಣ. ಗ್ರಾಂಥಿಕ ಕನ್ನಡ ಬೇಡ. ‘ಕ್ಷೀರಗ್ರಂಥಿ ಉರಿಯೂತ’ ಅಂತ ಬರೆದರೆ ಹಸುವಿಗೂ ಅರ್ಥವಾಗುವುದಿಲ್ಲ. ಕೆಚ್ಚಲು ಬಾವು ಅಂತಲೇ ಬರೆಯೋಣ.

ಮೂರು, ಅಂಕಿಗಳು. ನಿಮ್ಮ ಜಿಲ್ಲೆಯ ಒಕ್ಕೂಟದ ವಾರ್ಷಿಕ ವರದಿ ತರಿಸಿ. ನಿತ್ಯ ಹಾಲು ಹಾಕುವವರು ಹಿಂದಿನ ವರ್ಷ ಎಷ್ಟು, ಈ ವರ್ಷ ಎಷ್ಟು? ಅದರಲ್ಲಿ ಹೆಂಗಸರು ಎಷ್ಟು? ರೈತನಿಗೆ ಸಿಕ್ಕ ಬೆಲೆ, ಪ್ರೋತ್ಸಾಹಧನದ ಬಾಕಿ ಎಷ್ಟು? ವರದಿಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲು ಊರಲ್ಲಿರುವ ಯಾರನ್ನಾದರೂ ಕೇಳಿ. ಎಲ್ಲ ಒಕ್ಕೂಟಗಳದ್ದೂ ಸೇರಿಸಿ ಒಂದು ಹಾಳೆ ಮಾಡಿ, ಪ್ರತಿ ವರ್ಷ ಈ ಪತ್ರದಲ್ಲೇ ಹಾಕೋಣ. ಸ್ಪ್ರೆಡ್‌ಶೀಟ್ ಮಾಡಲು ಬಾರದವರು ಈ ಕೋಣೆಯಲ್ಲಿ ಯಾರೂ ಇಲ್ಲ ಅಂತ ನಂಬಿದ್ದೇನೆ.

ಹಿಂದಿನ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ನಿಮ್ಮ ಹೆಸರು, ಊರಿನ ಹಾಲು ಸಂಘದ ಹೆಸರು, ತಾಲ್ಲೂಕು ಬರೆಯಿರಿ. ಮಂಡ್ಯ, ಹಾಸನ, ತುಮಕೂರು, ಕೋಲಾರದವರು ಬೇಕಾದಷ್ಟು ಜನ ಇದ್ದೀರಿ, ಆ ಜಿಲ್ಲೆಗಳ ಚಿಂತೆ ಇಲ್ಲ. ವಿಜಯಪುರ, ಕಲಬುರಗಿ, ಬೀದರ್ ಕಡೆಯವರು ಯಾರಿದ್ದೀರಿ, ದಯವಿಟ್ಟು ಊಟಕ್ಕೆ ಹೋಗುವ ಮುಂಚೆ ನನ್ನನ್ನು ಒಮ್ಮೆ ಕಾಣಿ. ಆ ಭಾಗದ ಒಕ್ಕೂಟಗಳ ವರದಿ ಒಂದೂ ನನ್ನ ಕೈಗೆ ಸಿಕ್ಕಿಲ್ಲ.